ಕೊರ್ರಮೀನಿಗೊಂದು ಎಂಟೆಳೆಯ ದಾರ

ಒಂದು ಕಡೆ ಕೂರುವ ಜನ್ಮ ನನ್ನದಲ್ಲ. ಪಾಠ ಮಾಡುವಾಗಲೂ ಬೋರ್ಡಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತಿದ್ದೆ. ‘ಮಾಸ್ತರ್ರ, ನಿಮ್ಮನ್ನ ನೋಡಿ ನೋಡಿ ಹುಡುಗ್ರ ಕುತ್ತಿಗಿ ಉಳಕ್ಯಾವ’ ಎಂದು ನಮ್ಮ ಹೆಡ್ ಮಾಸ್ತರರು ಒಮ್ಮೆ ಎಲ್ಲರೆದುರೇ ಅಂದಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಸಿರುಗುಪ್ಪದ ಪ್ರಾಥಮಿಕ ಶಾಲೆಯಲ್ಲಿ ನೌಕರಿ, ಅಕ್ಕಿ ಗಿರಣಿಯ ಹಿಂದೆ ಬಾಡಿಗೆಯ ಒಂದು ಕೋಣೆ, ವಯಸ್ಸು ಇಪ್ಪತ್ತಾರು, ಮದುವೆ ಇನ್ನೂ ಆಗಿರಲಿಲ್ಲ. ವಾರದ ಆರು ದಿನ ಹೇಗೋ ಕಳೆಯುತ್ತಿದ್ದವು. ಭಾನುವಾರ ಬಂತೆಂದರೆ ಏನು ಮಾಡಬೇಕೆಂದು ತೋಚದೆ ಕಾಲುವೆಯ ದಂಡೆ ಹಿಡಿದು ನಡೆದುಬಿಡುತ್ತಿದ್ದೆ. ಎಲ್ಲಿಗೆ ಅಂತ ಯಾರಾದರೂ ಕೇಳಿದರೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ನನಗೇ ಗೊತ್ತಿರುತ್ತಿರಲಿಲ್ಲ.

ತೆಕ್ಕಲಕೋಟೆ ರಸ್ತೆಯ ಕೆಳಗೆ, ಗದ್ದೆಗಳ ಬಸಿನೀರೆಲ್ಲ ಬಂದು ನಿಲ್ಲುವ ಒಂದು ದೊಡ್ಡ ಹೊಂಡವಿತ್ತು. ನೀರು ಕಾಣುತ್ತಲೇ ಇರಲಿಲ್ಲ. ದಂಡೆಗೆ ಜೊಂಡು, ನಡುವೆ ಅಂತರಗಂಗೆ, ಅದರ ಸಂದಿಯಲ್ಲಿ ಪಾಚಿ. ಅಲ್ಲಿ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಕೆಂಚನಗುಡ್ಡದ ಕಡೆ ಹೊಳೆಯಲ್ಲಿ ಹರಿಗೋಲು ಹಾಕಿದ್ದ ಅಂಬಿಗ; ಕಣ್ಣು ಮಂಜಾದ ಮೇಲೆ ಹೊಳೆ ಬಿಟ್ಟು ಹೊಂಡ ಹಿಡಿದಿದ್ದ. ಒಂದು ಭಾನುವಾರ ನಾನು ನೋಡುತ್ತಿದ್ದಂತೆ ಅವನು ಗಾಳಕ್ಕೆ ಸಿಕ್ಕಿಸಿದ ಕಪ್ಪೆಯನ್ನು ಪಾಚಿಯ ಮೇಲೆ ಎಸೆದು ಸಣ್ಣಗೆ ಎಳೆಯತೊಡಗಿದ. ಕಪ್ಪೆ ಎಲೆಯಿಂದ ಎಲೆಗೆ ಕುಪ್ಪಳಿಸುತ್ತ ಬಂತು. ಇದ್ದಕ್ಕಿದ್ದಂತೆ ಢಬ್ ಎಂದು ಪಾಚಿ ಸಿಡಿಯಿತು. ಹಾವಿನ ತಲೆಯಂಥ ತಲೆಯೊಂದು ಮೇಲೆದ್ದು ಕಪ್ಪೆಯನ್ನು ನುಂಗಿ ಮುಳುಗಿತು. ತೆಲುಗಿನವರೂ ನಾವೂ ಕೊರ್ರಮೀನು ಎಂದೇ ಕರೆಯುವ ಮೀನು ಅದು.

ಆ ಒಂದು ಸದ್ದಿಗೆ ನನ್ನ ತಲೆಯೊಳಗೆ ಹಗಲಿರುಳು ತಿರುಗುತ್ತಿದ್ದ ಗಿರಣಿ ಗಕ್ಕನೆ ನಿಂತುಹೋಯಿತು. ಎಷ್ಟು ಹೊತ್ತು ನಿಂತಿತ್ತೋ ಗೊತ್ತಿಲ್ಲ, ಬಹುಶಃ ಒಂದು ನಿಮಿಷ. ಹುಟ್ಟಿದಾಗಿನಿಂದ ಅಂಥ ನೆಮ್ಮದಿ ನಾನು ಕಂಡಿರಲಿಲ್ಲ. ಅದು ಇನ್ನೊಮ್ಮೆ ಬೇಕು ಅನ್ನಿಸಿತು. ಅಷ್ಟೇ, ನನ್ನ ಕಥೆ ಮುಗಿಯಿತು.

ನಮ್ಮದು ಕುರುಗೋಡಿನಲ್ಲಿ ಲಿಂಗ ಕಟ್ಟಿದ ಮನೆ. ಮೀನು ತಿನ್ನುವುದಿರಲಿ, ಮೀನು ಅನ್ನುವ ಮಾತೂ ಊಟದ ಹೊತ್ತಿನಲ್ಲಿ ಬರುತ್ತಿರಲಿಲ್ಲ. ಆ ಮನೆಯ ಮಗ, ಅದೂ ಮಾಸ್ತರ, ಅಂಬಿಗನ ಪಕ್ಕ ಗಾಳ ಹಿಡಿದು ಕೂತ. ಜೀವಂತ ಕಪ್ಪೆಗೆ ಗಾಳ ಚುಚ್ಚಲು ಮಾತ್ರ ಕೈ ಬರಲಿಲ್ಲ. ಹರಿದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕಪ್ಪೆಯ ಆಕಾರಕ್ಕೆ ಕೊಯ್ದು, ಸೈಕಲ್ ಟ್ಯೂಬಿನ ಸೀಳುಗಳನ್ನು ಕಾಲು ಮಾಡಿ ಕಟ್ಟಿದೆ. ಅದು ಚೆನ್ನಾಗಿ ತೇಲಿತು, ಚೆನ್ನಾಗಿ ಕುಪ್ಪಳಿಸಿತು. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ.

‘ಮೀನು ಹಿಡಿಯಾಕ ಬಂದಾವಗ ಕಪ್ಪಿ ಮ್ಯಾಲೆ ದಯಾ! ಭೇಷ್ ಐತಿ ಬಿಡ್ರಿ ಮಾಸ್ತರ್ರ ನಿಮ್ಮ ಧರ್ಮ.’

ಚಪ್ಪಲಿಯ ಕಪ್ಪೆಗೂ ಮೀನು ಎಗರುತ್ತಿತ್ತು. ಎಗರಿದ್ದು ದಂಡೆಗೆ ಬರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು. ಆದರೆ ನನ್ನ ಸಂಕಟವೆಲ್ಲ ನಿಜವಾಗಿಯೂ ದಾರದ್ದೇ ಆಗಿತ್ತು. ಮೊದಲು ಗಿರಣಿಯಲ್ಲಿ ಗೋಣಿಚೀಲದ ಬಾಯಿ ಹೊಲಿಯುವ ಹುರಿಯನ್ನು ತಂದೆ. ಅದು ನಾಲ್ಕು ಎಸೆತಕ್ಕೆ ನೀರು ಕುಡಿದು ಭಾರವಾಗಿ ತಾನೂ ಮುಳುಗಿ ಕಪ್ಪೆಯನ್ನೂ ಮುಳುಗಿಸಿತು. ಮೇಲೆ ಕುಪ್ಪಳಿಸದ ಕಪ್ಪೆಯನ್ನು ಕೊರ್ರಮೀನು ಮೂಸಿಯೂ ನೋಡುವುದಿಲ್ಲ. ಆಮೇಲೆ ತಂಗೂಸಿ, ಅದೇ ಗಾಜಿನ ಕಡ್ಡಿಯಂತೆ ಹೊಳೆಯುವ ಒಂಟಿ ಎಳೆಯ ನೈಲಾನು. ನೀರಿನಲ್ಲಿ ಕಾಣುವುದಿಲ್ಲ ಎಂದು ಹಿಗ್ಗಿ ತಂದೆ.

‘ಆ ಪಾಚಿಯೊಳಗ ಮೀನಿಗೆ ನಿಮ್ಮ ದಾರ ಕಾಣಂಗಿಲ್ಲ, ನಿಮಗ ಮೀನು ಕಾಣಂಗಿಲ್ಲ. ಇಬ್ಬರೂ ಕುರುಡ್ರು. ಕಾಣೋದರ ಚಿಂತಿ ಬಿಡ್ರಿ, ಎಳೆಯೋದರ ಚಿಂತಿ ಮಾಡ್ರಿ’ ಅಂದ ಮುದುಕ.

ಅವನು ಹೇಳಿದಂತೆಯೇ ಆಯಿತು. ಮೀನು ನುಂಗಿದಾಗ ನಾನು ಎಳೆದರೆ ತಂಗೂಸಿ ರಬ್ಬರಿನಂತೆ ಹಿಗ್ಗುತ್ತಿತ್ತು. ನನ್ನ ಕೈಯ ಜೋರು ಗಾಳದ ತುದಿಗೆ ಮುಟ್ಟುವಷ್ಟರಲ್ಲಿ ಮೀನು ಉಗುಳಿ ಹೋಗಿರುತ್ತಿತ್ತು. ಗಾಳ ನಾಟಿದ ಒಂದೆರಡು ಸಲವೂ ಅದು ಅಂತರಗಂಗೆಯ ಬೇರಿನೊಳಗೆ ನುಗ್ಗಿ, ದಾರ ಬೇರಿಗೆ ಸುತ್ತಿಕೊಂಡು ಪಟ್ ಎಂದಿತು. ಮೂರನೆಯದಾಗಿ ಬಲೆ ತೇಪೆ ಹಾಕುವ ಹುರಿ, ನೈಲಾನಿನದೇ, ಹೊಸೆದದ್ದು. ಗಟ್ಟಿ ಏನೋ ಗಟ್ಟಿ. ಆದರೆ ಎಸೆದಷ್ಟೂ ತನ್ನಷ್ಟಕ್ಕೆ ತಿರುಚಿಕೊಂಡು ಗಂಟಾಗುತ್ತಿತ್ತು. ಗಂಟು ಬಿಡಿಸುವುದರಲ್ಲೇ ಒಂದು ಭಾನುವಾರ ಹೋಯಿತು. ಕೊನೆಗೆ ಹಲ್ಲಿನಿಂದ ಕಚ್ಚಿ ಹರಿದು ಹೊಂಡಕ್ಕೆ ಎಸೆದು, ಮುದುಕನನ್ನೂ ಬೈದು, ಅರ್ಧ ದಾರಿ ಹೋಗಿ, ತಿರುಗಿ ಬಂದು ಅವನ ಪಕ್ಕ ಕೂತೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ‘ಹೊಸೆದದ್ದು ಯಾವತ್ತಿದ್ರೂ ಬಿಚ್ಚಾಕ ನೋಡತೈತಿ ಮಾಸ್ತರ್ರ. ಹೆಣೆದದ್ದು ಬೇಕು, ದುಂಡಗ ಹೆಣೆದದ್ದು. ಅದು ಹಿಗ್ಗಂಗಿಲ್ಲ, ತಿರುಚಂಗಿಲ್ಲ, ಪಾಚಿ ಕೊಯ್ಕೊಂಡು ಬರತೈತಿ. ಡ್ಯಾಮ್ ಕಟ್ಟೋ ಕಾಲಕ್ಕ ಒಬ್ಬ ಸಾಹೇಬ್ರು ನನಗೊಂದು ಕೊಟ್ಟಿದ್ರು. ಹತ್ತು ವರ್ಷ ಬಂತು.’

ಮುಂದಿನ ವಾರ ಶಾಲೆಗೆ ರಜೆ ಬರೆದು ಬಳ್ಳಾರಿಗೆ ಹೋದೆ. ಬಲೆಯ ಸಾಮಾನು ಮಾರುವವನ ಅಂಗಡಿಯಲ್ಲಿ ನಿಂತು ದುಂಡು ಹೆಣಿಗೆಯ ದಾರ ಬೇಕೆಂದೆ. ಅವನು ನನ್ನ ಹಣೆಯ ವಿಭೂತಿ ನೋಡಿದ, ಆಮೇಲೆ ಮುಖ ನೋಡಿದ. ‘ಅಟ್ಲಾಂಟಿದಿ ಇಕ್ಕಡ ದೊರಕದು ಸಾರ್’ ಎಂದು, ಅಂಥದ್ದು ಇಲ್ಲಿ ಸಿಗುವುದಿಲ್ಲವೆಂದು ಕೈ ಅಲ್ಲಾಡಿಸಿ, ನೂಲಿನಷ್ಟು ಸಣ್ಣ ನೈಲಾನ್ ಎಳೆಯ ಉಂಡೆಗಳನ್ನು ಮುಂದಿಟ್ಟ. ಬೇಕಾದರೆ ನೀವೇ ಹೆಣೆದುಕೊಳ್ಳಿ ಅಂತ ಅರ್ಥ. ಬರಿಗೈಯಲ್ಲಿ ಹೋಗಲಾರದೆ ಎಂಟು ಉಂಡೆ ತೆಗೆದುಕೊಂಡೆ. ಹೆಣೆಯುವುದು ನನಗೆಲ್ಲಿ ಬರಬೇಕು? ಪೈಜಾಮದ ಲಾಡಿ ಕಟ್ಟಿಕೊಳ್ಳುವುದಕ್ಕೇ ತಾಳ್ಮೆಯಿಲ್ಲದವನು ನಾನು.

ತಿರುಗಿ ಬರುವ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ನನ್ನ ಮುಂದೆ ಸೀಟಿನಲ್ಲಿ ಒಬ್ಬ ರೈತರು ತಲೆ ಬಗ್ಗಿಸಿ ತೂಕಡಿಸುತ್ತಿದ್ದರು. ಅಂಗಿಯ ಕಾಲರಿನ ಮೇಲೆ, ಕತ್ತಿನ ಹಿಂದೆ, ಲಿಂಗ ಕಟ್ಟಿಕೊಳ್ಳುವ ಅವರ ಶಿವದಾರ ಕಾಣುತ್ತಿತ್ತು. ದುಂಡಗೆ ಹೆಣೆದದ್ದು. ಎಂಟು ಎಳೆ. ನಾನು ಸುಮಾರು ಮೂರು ಮೈಲಿ ಆ ಕುತ್ತಿಗೆಯನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ನನ್ನ ಕೊರಳಿನದನ್ನು ಮುಟ್ಟಿ ನೋಡಿಕೊಂಡೆ. ಅದೂ ಅದೇ ಹೆಣಿಗೆ. ಹೆಣೆದವಳು ನನ್ನ ಅಜ್ಜಿ.

ಅಜ್ಜಿ ಶಿವದಾರ ಹೆಣೆಯಲು ಶುರುಮಾಡಿದ್ದಕ್ಕೆ ಕಾರಣವಿತ್ತು. ನಾನು ಹುಟ್ಟುವುದಕ್ಕೂ ಮೊದಲು ಒಮ್ಮೆ ಅಜ್ಜ ಹೊಲದ ಬಾವಿಗೆ ಸ್ನಾನಕ್ಕಿಳಿದಾಗ, ಬೆವರಿಗೆ ಕೊಳೆತಿದ್ದ ದಾರ ಹರಿದು ಲಿಂಗ ನೀರಿಗೆ ಬಿತ್ತು. ಲಿಂಗ ಸಿಗುವವರೆಗೆ ಅಜ್ಜ ಅನ್ನ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ. ಎತ್ತು ಕಟ್ಟಿ ಎರಡು ದಿನ ಬಾವಿಯ ನೀರು ಎತ್ತಿಸಿ, ಕೆಸರು ತೋಡಿ ಹುಡುಕಿದರಂತೆ. ಮೂರನೆಯ ದಿನ ಸಿಕ್ಕಿತು. ಅಷ್ಟರಲ್ಲಿ ಅಜ್ಜನ ಜೀವ ಅರ್ಧ ಹೋಗಿತ್ತು. ಆವತ್ತಿನಿಂದ ಅಜ್ಜಿ ಸಂತೆಯ ದಾರವನ್ನು ನಂಬಲಿಲ್ಲ. ಸೋಮವಾರ ಸ್ನಾನ, ಪೂಜೆ ಮುಗಿಸಿ, ಎಳೆಗಳ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಯಾರೊಂದಿಗೂ ಮಾತಾಡದೆ ಮಧ್ಯಾಹ್ನದವರೆಗೆ ಹೆಣೆಯುತ್ತಿದ್ದಳು. ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಅವಳ ದಾರ ಹರಿದಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ. ಬಟ್ಟೆ ಒಣಹಾಕಲು ಹಗ್ಗ ಬೇಕು ಎಂದು ಕೇಳಬಹುದಿತ್ತು. ಹಾಗೆ ಕೇಳಿದರೆ ಮೂರೆಳೆಯಲ್ಲಿ ಸಡಿಲಾಗಿ ಹೆಣೆದು ಬಿಸಾಕುತ್ತಾಳೆ ಅನ್ನಿಸಿತು. ನನಗೆ ಬೇಕಾಗಿದ್ದದ್ದು ಸೋಮವಾರದ ಹೆಣಿಗೆ. ದೇವರ ಹೆಸರು ಬರದೆ ಆ ಬಿಗಿ ಬರುವುದಿಲ್ಲ ಎಂದು ಲೆಕ್ಕ ಹಾಕಿಕೊಂಡೆ.

‘ಸಿರುಗುಪ್ಪ ಕಡೆ ಒಂದು ಮಠ ಐತಿ ಅಜ್ಜಿ. ಅಲ್ಲಿ ಗದ್ದಿ ಕೆಲಸ ಮಾಡೋ ಮಂದಿ ದಾರ ಬೆವರಿಗೆ, ನೀರಿಗೆ ಭಾಳ ಹರೀತಾವಂತ. ಇದು ಹೊಸಾ ನಮೂನಿ ನೂಲು, ಕೊಳೆಯಂಗಿಲ್ಲ. ಇಪ್ಪತ್ತು ಮಾರು ಹೆಣದು ಕೊಡು. ಕತ್ತರಿಸಬ್ಯಾಡ, ಅವರ ಅಳತಿಗೆ ಅವರ ಕತ್ತರಿಸಿಕೊಳ್ತಾರ.’

ಅಜ್ಜಿ ಎಳೆಯನ್ನು ಬೆರಳಲ್ಲಿ ತಿಕ್ಕಿ ಮುಖ ಸಿಂಡರಿಸಿದಳು. ‘ಹತ್ತಿ ಅಲ್ಲ ಇದು. ಜಾರತೈತಿ.’

‘ಹರೀ ನೋಡೋಣು.’

ಸುತ್ತಿಕೊಂಡು ಎಳೆದಳು. ಹರಿಯಲಿಲ್ಲ. ಹಲ್ಲಿಲ್ಲದ ಒಸಡಿಗೆ ಕೊಟ್ಟು ಎಳೆದಳು. ಹರಿಯಲಿಲ್ಲ. ಅವಳ ಮುಖ ಬದಲಾದದ್ದು ನನಗೆ ಇವತ್ತಿಗೂ ಕಾಣುತ್ತದೆ. ‘ಇದು ಆವಾಗ ಇತ್ತೇನು?’ ಎಂದು ಕೇಳಿದಳು. ಯಾವಾಗ ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಎದ್ದು ಅಂಗಳಕ್ಕೆ ಹೋಗಿ ಸುಮ್ಮನೆ ಎರಡು ಸುತ್ತು ಹಾಕಿ ಬಂದೆ.

ಏಳು ಸೋಮವಾರ ಹಿಡಿಯಿತು. ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ತಕ್ಷಣ ತೆಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಕುರುಗೋಡಿಗೆ ಓಡುತ್ತಿದ್ದೆ. ಮಗನಿಗೆ ಮನೆಯ ಮೇಲೆ ಪ್ರೀತಿ ಬಂತು ಎಂದು ಅವ್ವ ಖುಷಿಪಟ್ಟಳು, ರೊಟ್ಟಿಗೆ ಬೆಣ್ಣೆ ಹೆಚ್ಚಾಯಿತು. ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ಒಂದೇ: ‘ಎಷ್ಟು ಮಾರು ಆತು?’ ಎರಡು ಕೈ ಚಾಚಿ ಅಳೆದು ನೋಡುತ್ತಿದ್ದೆ. ಮೂರು ಮಾರು, ಆರು ಮಾರು. ಹತ್ತಿಯಷ್ಟು ಬೇಗ ಅದು ಸಾಗುತ್ತಿರಲಿಲ್ಲ. ನಾಲ್ಕನೆಯ ವಾರ ಅಜ್ಜಿಯ ತೋರುಬೆರಳಿಗೆ ಅರಿವೆಯ ಪಟ್ಟಿ ಸುತ್ತಿತ್ತು. ನೈಲಾನು ಕೊಯ್ದಿತ್ತು.

‘ಸಾಕು ಬಿಡು ಅಜ್ಜಿ’ ಎಂದು ಬಾಯಿ ತೆರೆದೆ. ಆಮೇಲೆ, ‘ಇನ್ನೊಂದು ಎಂಟು ಮಾರು ಆದ್ರ ಆತು’ ಅಂದೆ. ನಾಚಿಕೆಯಾಯಿತು. ನಾಚಿಕೆ ಹೊಂಡದ ನೆನಪಿನ ಮುಂದೆ ನಿಲ್ಲಲಿಲ್ಲ.

ಮುಗಿದ ದಾರಕ್ಕೆ ಅವಳು ಜೇನುಮೇಣ ಸವರಿ, ಒಂದು ತಟ್ಟೆಯಲ್ಲಿ ಸುರುಳಿ ಸುತ್ತಿ, ವಿಭೂತಿ ಇಟ್ಟು ಕೊಟ್ಟಳು. ನಾನು ಕಣ್ಣಿಗೆ ಒತ್ತಿಕೊಂಡು ಚೀಲದೊಳಗೆ ಹಾಕಿಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಅನ್ನುತ್ತಾರಲ್ಲ, ಹಾಗೆ.

ಮರುವಾರದ ಭಾನುವಾರ ಬೆಳಿಗ್ಗೆ, ಬಿಸಿಲು ಇನ್ನೂ ಏರದ ಹೊತ್ತಿಗೆ, ಹಾಲಿನ ಪುಡಿಯ ಖಾಲಿ ಡಬ್ಬಿಗೆ ಆ ದಾರ ಸುತ್ತಿಕೊಂಡು ಹೊಂಡದ ದಂಡೆಗೆ ನಿಂತೆ. ಎಸೆದಾಗ ಅದು ಡಬ್ಬಿಯಿಂದ ಸದ್ದಿಲ್ಲದೆ ಬಿಚ್ಚಿಕೊಂಡು ಹೋಯಿತು. ಪಾಚಿಯ ಮೇಲೆ ಮುಳುಗದೆ ಮಲಗಿತು. ಮೂರನೆಯ ಎಸೆತಕ್ಕೆ ನೀರು ಸಿಡಿಯಿತು. ಎಳೆದೆ, ನನ್ನ ಕೈ ಎಷ್ಟು ಎಳೆಯಿತೋ ಅಷ್ಟೂ ನೇರವಾಗಿ ಗಾಳಕ್ಕೆ ಹೋಗಿ ನಾಟಿತು. ಮೀನು ಬೇರಿನೊಳಗೆ ನುಗ್ಗಿತು. ದಾರ ಅಂತರಗಂಗೆಯ ದಂಟುಗಳನ್ನು ಕರಕರ ಕೊಯ್ಯುತ್ತ ಅದರ ಹಿಂದೆಯೇ ಹೋಯಿತು, ಹಾಗೆಯೇ ಅದನ್ನು ಎಳೆದುಕೊಂಡು ಬಂತು. ಅಂಗೈ ಸೀಳಿತು, ನೋವು ಗೊತ್ತಾಗಲಿಲ್ಲ. ನನ್ನ ತೋಳಿನುದ್ದದ ಕೊರ್ರಮೀನು ದಂಡೆಯ ಕೆಸರಿನಲ್ಲಿ ಬಿದ್ದು ಬಡಿದುಕೊಳ್ಳುತ್ತಿದ್ದಾಗ ನಾನು ನಿಂತಲ್ಲೇ ನಿಂತಿದ್ದೆ. ತಲೆಯೊಳಗೆ ಪೂರ್ತಿ ಮೌನ. ಸಂತೋಷ ಅಂದರೆ ಇದೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಮೀನನ್ನು ಮುದುಕನಿಗೆ ಕೊಟ್ಟೆ. ಅವನು ಮೀನು ನೋಡಲಿಲ್ಲ, ದಾರ ಹಿಡಿದ. ಮಂಜುಗಣ್ಣಿನವನು, ಬೆರಳಲ್ಲೇ ಓದುತ್ತಿದ್ದ. ತುದಿಯಿಂದ ಬಹಳ ದೂರದವರೆಗೆ ಸವರಿಕೊಂಡು ಹೋದ.

‘ಒಂದು ಎಳೀನೂ ಸಡ್ಲ ಇಲ್ಲ. ಯಾರು ಹೆಣದಾರ್ರಿ ಇದನ್ನ?’

‘ನಮ್ಮ ಅಜ್ಜಿ.’

‘ಆ ಕೈಗೆ ನನ್ನ ಶರಣು ಹೇಳ್ರಿ.’

ಹೇಳುವುದು ಹೇಗೆ? ಆ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಆದರೂ ಎರಡು ತಿಂಗಳು ಪ್ರತಿ ಭಾನುವಾರ ಆ ದಾರ ಎಸೆದೆ. ಆಮೇಲೆ ಅಪ್ಪನ ಕಾರ್ಡು ಬಂತು. ತಂಗಿಯ ಕೂಸಿಗೆ ಬರುವ ಸೋಮವಾರ ಲಿಂಗ ಕಟ್ಟುವುದು. ರಜೆ ಹಾಕಿ ಬಾ. ಅಜ್ಜಿ ಹೇಳುತ್ತಾಳೆ: ಮಠಕ್ಕೆ ಕೊಟ್ಟ ದಾರದಲ್ಲಿ ಒಂದು ತುಂಡು ಕೇಳಿ ತಾ, ಹರಿಯದ ದಾರವೇ ಕೂಸಿನ ಕೊರಳಲ್ಲಿರಲಿ.

ಕಾರ್ಡು ಹಿಡಿದು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದೆ. ಮಠದವರು ಎಲ್ಲ ಹಂಚಿಬಿಟ್ಟರಂತೆ ಅನ್ನಲೇ? ಅಂದರೆ ಯಾರ್ಯಾರಿಗೆ ಎಂದು ಕೇಳುತ್ತಾಳೆ. ಬೇರೆ ದಾರ ಕೊಳ್ಳಲೇ? ತನ್ನ ಹೆಣಿಗೆಯನ್ನು ಅವಳು ಕತ್ತಲೆಯಲ್ಲೂ ಗುರುತು ಹಿಡಿಯುತ್ತಾಳೆ. ಆಗ ಡಬ್ಬಿ ನೆನಪಾಯಿತು. ಇಪ್ಪತ್ತು ಮಾರಿನಲ್ಲಿ ನಾನು ಎಸೆಯುತ್ತಿದ್ದದ್ದು ಹೆಚ್ಚೆಂದರೆ ಹದಿನೈದು. ಅಡಿಯ ಸುತ್ತುಗಳು ಒಮ್ಮೆಯೂ ನೀರು ಕಂಡಿರಲಿಲ್ಲ. ಬಿಚ್ಚಿ ನೋಡಿದೆ. ಬೆಳ್ಳಗೆ, ಮೇಣದ ವಾಸನೆ ಹಾಗೇ ಇತ್ತು. ಒಂದು ತುಂಡು ಕತ್ತರಿಸಿ, ಆದರೂ ಮನಸ್ಸು ಒಪ್ಪದೆ ಅಂಟುವಾಳದಲ್ಲಿ ಎರಡು ಸಲ ತೊಳೆದು, ಒಣಗಿಸಿ, ಹೊಸ ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಬಸ್ಸಿನುದ್ದಕ್ಕೂ ಕಿಸೆ ಮುಟ್ಟಿ ನೋಡಿಕೊಂಡು, ಕೈಯನ್ನು ಮೂಗಿಗೆ ಹಿಡಿದು ಮೂಸುತ್ತ ಕೂತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಮನೆಯಲ್ಲಿ ಜಂಗಮರು ಬರುವುದಕ್ಕೆ ಇನ್ನೂ ಹೊತ್ತಿತ್ತು. ತಂಗಿ ಕೂಸಿಗೆ ಎರೆಯುತ್ತಿದ್ದಳು, ಅವ್ವ ಅಡಿಗೆಯಲ್ಲಿದ್ದಳು. ದೇವರ ಮೂಲೆಯಲ್ಲಿ ಅಜ್ಜಿಯೊಬ್ಬಳೇ ಕೂತಿದ್ದಳು. ಕರವಸ್ತ್ರ ಕೊಟ್ಟೆ. ಬಿಚ್ಚಿದಳು. ದಾರದ ಮೇಲೆ ಹೆಬ್ಬೆರಳು ಆಡಿಸಿದಳು.

‘ಹೂಂ, ನಂದ. ಮಠದವರು ಏನಂದ್ರು?’

‘ಚಲೋ ಐತಿ ಅಂದ್ರು.’

‘ಯಾರದಾದ್ರೂ ಹರೀತೇನು?’

‘ಇಲ್ಲ.’

ಅವಳು ದಾರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕೂಸಿನ ಲಿಂಗದ ಬಟ್ಟೆಯನ್ನು ಹತ್ತಿರ ಎಳೆದುಕೊಂಡು ಗಂಟು ಹಾಕಲು ಹೊರಟಳು. ನನ್ನ ಕೈ ನನಗಿಂತ ಮೊದಲು ಹೋಗಿ ಅವಳ ಕೈ ಹಿಡಿಯಿತು.

‘ಬ್ಯಾಡ ಅಜ್ಜಿ. ಮಠ ಇಲ್ಲ, ಏನಿಲ್ಲ. ಅದು ಮೀನಿನ ಗಾಳದ ದಾರ.’

ಎಲ್ಲವನ್ನೂ ಹೇಳಿದೆ. ಹೊಂಡ, ಅಂಬಿಗ, ಚಪ್ಪಲಿಯ ಕಪ್ಪೆ, ಮೂರು ಕೆಟ್ಟ ದಾರಗಳು, ಬಸ್ಸಿನಲ್ಲಿ ಕಂಡ ಕುತ್ತಿಗೆ. ಈ ತುಂಡು ನೀರು ಮುಟ್ಟಿಲ್ಲ ಎಂಬುದನ್ನೂ ಹೇಳಿದೆ, ಅದರಿಂದ ಏನೋ ಉಳಿಯುತ್ತದೆ ಎಂಬಂತೆ. ಬೈಯುತ್ತಾಳೆ, ಅಳುತ್ತಾಳೆ, ಅಪ್ಪನನ್ನು ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

‘ಬಟ್ಟಿ ಒಣಹಾಕಾಕ ಅಂತ ಯಾಕ ಕೇಳಲಿಲ್ಲ?’

‘ಸಡ್ಲ ಹೆಣೀತಿ ಅಂತ.’

ಅಜ್ಜಿ ದಾರದ ತುಂಡನ್ನು ನನ್ನ ಕಣ್ಣ ಮುಂದೆ ಹಿಡಿದಳು. ‘ಲೇ, ನನ್ನ ಕೈಗೆ ಎರಡು ನಮೂನಿ ಹೆಣಿಗಿ ಬರಂಗಿಲ್ಲ. ಮೀನಿಗೆ ಅಂದಿದ್ರೂ ಇಷ್ಟ ಬಿಗೀ ಹೆಣೀತಿದ್ದೆ. ಬೈಕೋತ ಹೆಣೀತಿದ್ದೆ, ಅಷ್ಟ.’

ಇಪ್ಪತ್ತಾರು ವರ್ಷ ಆ ಕೈಯ ದಾರವನ್ನು ಎದೆಯ ಮೇಲೆ ಹೊತ್ತು ತಿರುಗಿದವನಿಗೆ ಅಷ್ಟು ತಿಳಿದಿರಲಿಲ್ಲ. ಅವಳನ್ನು ಕಂಡೇ ಗೊತ್ತಿಲ್ಲದ ಆ ಮುದುಕ ಬೆರಳಲ್ಲಿ ಮುಟ್ಟಿ ತಿಳಿದುಕೊಂಡಿದ್ದ.

ಅವಳು ದಾರವನ್ನು ಕರವಸ್ತ್ರದಲ್ಲಿ ಮತ್ತೆ ಕಟ್ಟಿ ನನ್ನ ಕೈಗೆ ಕೊಟ್ಟಳು. ಗೂಡಿನಿಂದ ಹತ್ತಿಯ ಎಳೆ ತೆಗೆದು, ಹೆಬ್ಬೆರಳಿಗೆ ಕಟ್ಟಿಕೊಂಡು, ಜಂಗಮರು ಬರುವಷ್ಟರಲ್ಲಿ ಕೂಸಿಗೊಂದು ಮೊಳದುದ್ದ ದಾರ ಹೆಣೆದು ಮುಗಿಸಿದಳು. ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ನನಗೇ ಮೊದಲು ಬಡಿಸಿದಳು.

ನಾನು ಮೀನು ಹಿಡಿಯುವುದನ್ನು ಬಿಟ್ಟೆನೇ? ಇಲ್ಲ, ಬಿಡಲಿಲ್ಲ. ಆ ದಾರವನ್ನು ಮಾತ್ರ ಮುದುಕನಿಗೆ ಕೊಟ್ಟುಬಿಟ್ಟೆ, ಆಮೇಲೆ ಸಿಕ್ಕಿದ ದಾರದಲ್ಲಿ ಸಿಕ್ಕಿದಷ್ಟು ಹಿಡಿದೆ. ಅಜ್ಜಿ ಇನ್ನೂ ಒಂಬತ್ತು ವರ್ಷ ಬದುಕಿದ್ದಳು. ನನ್ನ ಮದುವೆಯಲ್ಲಿ ಓಡಾಡಿದಳು, ನನ್ನ ಮಕ್ಕಳಿಗೂ ದಾರ ಹೆಣೆದಳು, ನನ್ನೊಂದಿಗೆ ನಗುತ್ತಲೇ ಮಾತಾಡಿದಳು. ಬಳ್ಳಾರಿಗೆ ಹೋದಾಗ ಮೇಣ ತಾ, ನಶ್ಯ ತಾ, ಕನ್ನಡಕದ ಕಾಲು ಹಾಕಿಸಿಕೊಂಡು ಬಾ ಎಂದು ಮೊದಲು ನೂರೆಂಟು ಹೇಳುತ್ತಿದ್ದವಳು ಅವಳು. ಆ ಸೋಮವಾರದ ಮೇಲೆ ಅವೆಲ್ಲವನ್ನೂ ಪಕ್ಕದ ಮನೆಯವರ ಕೈಯಲ್ಲಿ ತರಿಸಿಕೊಂಡಳು. ನನಗೆ ಮಾತ್ರ ಏನನ್ನೂ ತರಲು ಹೇಳಲಿಲ್ಲ.